ಯಾವ ವ್ಯಾಂಕೂವರ್?

“ಮೇಡಂ, ಸಾಫ್ಟ್‌ವೇರಿನಲ್ಲಿ ವ್ಯಾಂಕೂವರ್ ಅಂತಲೇ ಒತ್ತಿದ್ದೆ. ಆದರೂ ರೆಫರೆನ್ಸ್ ನಮ್ಮ ಶೈಲಿಯಲ್ಲಿಲ್ಲ ಅಂತ ಜರ್ನಲಿನವರು ವಾಪಸ್ ಕಳಿಸಿದ್ದಾರೆ. ಸರಿಯಾದ ವ್ಯಾಂಕೂವರ್ ಯಾವುದು?”

ಈ ಸಲ ಕೇಳಿದವರು ಮಂಜೇಶ್ವರದ ಕಡೆಯವರು, ಮಂಗಳೂರಿನಲ್ಲಿ ಎಂಡಿ ಓದುತ್ತಿರುವವರು. ಕಳೆದ ವರ್ಷ ಬದಿಯಡ್ಕದವರು, ಅದಕ್ಕೂ ಹಿಂದೆ ಕುಂಬಳೆಯವರು. ತಲಪಾಡಿ ದಾಟಿ ಓದಲು ಹೋಗುವ ನಮ್ಮ ಮಕ್ಕಳಿಗೆ ಇದೇ ಉತ್ತರ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದಿಟ್ಟರೆ ಇನ್ನು ಕೇಳಿದವರಿಗೆ ಇದನ್ನೇ ಕಳಿಸಿ ಕೈತೊಳೆದುಕೊಳ್ಳಬಹುದು.

ವ್ಯಾಂಕೂವರ್ ಎಂದರೆ ವೈದ್ಯಕೀಯ ಲೇಖನಗಳಲ್ಲಿ ಮೂಲಗಳಿಗೆ ನಂಬರು ಕೊಟ್ಟು ಕೊನೆಯಲ್ಲಿ ಪಟ್ಟಿ ಮಾಡುವ ಶೈಲಿ. ಸರಿಯಾದ ವ್ಯಾಂಕೂವರ್ ಅಂತ ಒಂದಿಲ್ಲ. ನೀವು ಕಳಿಸುವ ಜರ್ನಲ್ ಕೇಳಿದ್ದೇ ಸರಿ. ಅದರ ಲೇಖಕರ ಸೂಚನೆ ಓದಿ, ಇತ್ತೀಚಿನ ಸಂಚಿಕೆಯ ಒಂದು ಲೇಖನ ಪಕ್ಕದಲ್ಲಿಟ್ಟು ಚುಕ್ಕೆಗೆ ಚುಕ್ಕೆ ಹೋಲಿಸಿ. ಎಲ್ಲ ಕಡೆಯೂ ಒಂದೇ ಆಗಿರುವುದು ಇಷ್ಟು: ಬರಹದಲ್ಲಿ ಮೊದಲು ಬಂದ ಕ್ರಮದಲ್ಲಿ ನಂಬರು, ಅದೇ ಮೂಲ ಮತ್ತೆ ಬಂದರೆ ಹಳೆಯ ನಂಬರೇ. ಕೊನೆಯ ಪಟ್ಟಿ ಅಕಾರಾದಿಯಲ್ಲ. ಟೇಬಲಿನೊಳಗೆ ಮಾತ್ರ ಬರುವ ಮೂಲವಿದ್ದರೆ, ಬರಹದಲ್ಲಿ ಆ ಟೇಬಲನ್ನು ಮೊದಲು ಹೆಸರಿಸಿದ ಜಾಗದ ಲೆಕ್ಕಕ್ಕೆ ಅದರ ನಂಬರು. ಮತ್ತೆ, ವಾಪಸ್ ಕಳಿಸುವುದು ಬೇರೆ, ತಿರಸ್ಕರಿಸುವುದು ಬೇರೆ. ಶೈಲಿಗಾಗಿ ವಾಪಸ್ ಬಂದದ್ದಕ್ಕೆ ಊಟ ಬಿಡುವುದು ಬೇಡ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಇದನ್ನು ಹೇಳಿದ ಕೂಡಲೇ ಮರುಮಾತು ಬರುತ್ತದೆ: “ಸಾಫ್ಟ್‌ವೇರ್ ಮಾಡಿದ್ದಲ್ವಾ ಮೇಡಂ, ತಪ್ಪು ಹೇಗೆ ಬರುತ್ತದೆ?” ಎಷ್ಟು ಕಿತ್ತರೂ ಮತ್ತೆ ಚಿಗುರುವ ಕಳೆ ಇದು.

ವ್ಯಾಂಕೂವರ್ ಹುಟ್ಟಿದ್ದೇ ಒಂದು ತಾಪತ್ರಯದಿಂದ. ಒಂದು ಜರ್ನಲ್ ಬೇಡವೆಂದರೆ ಇನ್ನೊಂದಕ್ಕಾಗಿ ಹಸ್ತಪ್ರತಿಯನ್ನು ಮತ್ತೆ ಟೈಪ್ ಮಾಡಿಸಬೇಕಿದ್ದ ಕಾಲ. 1978ರಲ್ಲಿ ಕೆಲವು ವೈದ್ಯಕೀಯ ಜರ್ನಲುಗಳ ಸಂಪಾದಕರು ಕೆನಡಾದ ವ್ಯಾಂಕೂವರಿನಲ್ಲಿ ಸೇರಿ ಎಲ್ಲರಿಗೂ ಒಪ್ಪುವ ಒಂದು ರೀತಿಗೆ ಬಂದರು, 1979ರಲ್ಲಿ ಅದು ಅಚ್ಚಾಯಿತು. ರೆಫರೆನ್ಸಿನ ಮಾದರಿಯನ್ನು ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ರೂಪಿಸಿತು. ಆಮೇಲೆ ಒಂದೊಂದು ಜರ್ನಲ್ ತನಗೆ ಬೇಕಾದ ಹಾಗೆ ಒಗ್ಗರಣೆ ಹಾಕಿಕೊಂಡಿತು. ನೀವು ಒತ್ತುವ ಗುಂಡಿ ಅವುಗಳಲ್ಲಿ ಯಾವುದೋ ಒಂದು, ಅಷ್ಟೇ.

ನಮ್ಮೂರಿನವರು ಬರೆದ ಕರಡುಗಳಲ್ಲಿ ಹೆಚ್ಚಾಗಿ ಕಾಣುವ ಒಂದು ಮೂಲವನ್ನೇ ತೆಗೆದುಕೊಳ್ಳಿ. ಕಾಸರಗೋಡಿನ ಗೇರು ತೋಟಗಳಿಗೆ ಸಿಂಪಡಿಸುತ್ತಿದ್ದ ಕೀಟನಾಶಕ ಎಂಡೋಸಲ್ಫಾನ್ ಮತ್ತು ಹುಡುಗರ ಲೈಂಗಿಕ ಬೆಳವಣಿಗೆಯ ಬಗ್ಗೆ 2003ರಲ್ಲಿ ಬಂದ ಪ್ರಬಂಧ. ಜರ್ನಲಿನ ಹೆಸರನ್ನು ‘ಎನ್ವಿರಾನ್ ಹೆಲ್ತ್ ಪರ್ಸ್ಪೆಕ್ಟ್’ ಎಂದು ಕತ್ತರಿಸಿ ಬರೆಯಬೇಕು. ಆ ಕತ್ತರಿ ಕೂಡ ನಮ್ಮಿಷ್ಟದ್ದಲ್ಲ, ವೈದ್ಯಕೀಯ ಲೇಖನಗಳ ಸೂಚಿಯಾದ ಪಬ್‌ಮೆಡ್ಡಿನಲ್ಲಿ ಇರುವ ಹಾಗೆ. ಲೇಖಕರು ಆರಕ್ಕಿಂತ ಹೆಚ್ಚು. ವ್ಯಾಂಕೂವರಿನಲ್ಲಿ ಸೇರಿದ ಆ ಸಂಪಾದಕರ ಸಮಿತಿಯ ಮಾದರಿಯಲ್ಲಿ ಆರು ಹೆಸರು ಬರೆದು ‘ಎಟ್ ಆಲ್’ (ಮತ್ತು ಇತರರು), ಕೊನೆಗೆ ವರ್ಷ, ಸಂಪುಟ, ಸಂಚಿಕೆ, ಪುಟ: 2003;111(16):1958-62. ಜಾಮಾ ಎಂಬ ಅಮೆರಿಕದ ಜರ್ನಲಿಗೆ ಕಳಿಸುವುದಾದರೆ ಮೂರೇ ಹೆಸರು, ಆದರೆ ಪುಟ ಪೂರ್ತಿ: 1958-1962. ಲ್ಯಾನ್ಸೆಟ್ಟಿಗೂ ಮೂರೇ ಹೆಸರು, ಅಲ್ಲಿ ಸಂಚಿಕೆಯ ನಂಬರು ಬೇಡ, ನಡುವೆ ಜಾಗ ಬೇಕು: 2003; 111: 1958–62. ಮೂರನ್ನೂ ಜನ ವ್ಯಾಂಕೂವರ್ ಎಂದೇ ಕರೆಯುತ್ತಾರೆ.

ಇನ್ನು ಸಾಫ್ಟ್‌ವೇರ್. ಜೋಟೆರೋ, ಮೆಂಡಲೆ, ಎಂಡ್‌ನೋಟ್ ಯಾವುದೇ ಇರಲಿ, ನೀವು ಕೊಟ್ಟದ್ದನ್ನು ಅದು ಜೋಡಿಸುತ್ತದೆ. ಕೊಟ್ಟದ್ದು ಸರಿಯೋ ಎಂದು ನೋಡುವ ಕೆಲಸ ಅದರದ್ದಲ್ಲ. ಮೊನ್ನೆ ಬಂದ ಕರಡಿನಲ್ಲಿ ಲೇಖಕರ ಜಾಗದಲ್ಲಿ ‘ಆರ್ಗನೈಸೇಶನ್ ಡಬ್ಲ್ಯು.ಎಚ್.’ ಎಂಬ ಮಹಾನುಭಾವರಿದ್ದರು. ಯಾರಪ್ಪಾ ಇವರು ಎಂದು ನೋಡಿದರೆ ವರ್ಲ್ಡ್ ಹೆಲ್ತ್ ಆರ್ಗನೈಸೇಶನ್! ಸಂಸ್ಥೆಯ ಹೆಸರನ್ನು ಮನುಷ್ಯರ ಹೆಸರಿನ ಎರಡು ಖಾನೆಗಳಲ್ಲಿ ತುಂಬಿದ್ದಕ್ಕೆ ಕೊನೆಯ ಪದವೇ ಮನೆತನದ ಹೆಸರಾಗಿ ಕೂತಿತ್ತು. ಒಂದೇ ಖಾನೆಯಲ್ಲಿ ಹಾಕಿದ್ದರೆ ಆಗುತ್ತಿತ್ತು.

ಅದು ನಗುವ ತಪ್ಪು. ಅದೇ ಕರಡಿನ ನಾಲ್ಕನೇ ರೆಫರೆನ್ಸ್ ನಗುವಂಥದ್ದಲ್ಲ. ‘ಕಾಸರಗೋಡು ಜಿಲ್ಲೆಯಾದ್ಯಂತ ಮಕ್ಕಳಲ್ಲಿ ಹೀಗೆ ಕಂಡುಬಂದಿದೆ’ ಎಂಬ ವಾಕ್ಯದ ತುದಿಗೆ, ಮೇಲೆ ಹೇಳಿದ 2003ರ ಪ್ರಬಂಧ. ಅಲ್ಪವಿರಾಮ, ಚುಕ್ಕೆ, ಎಲ್ಲ ಕಣ್ಣಿಗೊತ್ತಿಕೊಳ್ಳುವ ಹಾಗಿತ್ತು. ಆದರೆ ಆ ಪ್ರಬಂಧ ನೋಡಿದ್ದು ಗೇರು ತೋಟದ ತಪ್ಪಲಿನ ಒಂದು ಹಳ್ಳಿಯ ಶಾಲೆಗೆ ಹೋಗುವ 117 ಹುಡುಗರನ್ನು, 10ರಿಂದ 19 ವಯಸ್ಸಿನವರನ್ನು. ಹೋಲಿಕೆಗೆ ಸಿಂಪಡಣೆ ಇಲ್ಲದ ಕಡೆಯ 90 ಮಂದಿ. ‘ಜಿಲ್ಲೆಯಾದ್ಯಂತ’ ಎಲ್ಲಿಂದ ಬಂತು? ಇವರು ಓದಿದ್ದು ಆ ಪ್ರಬಂಧವನ್ನಲ್ಲ, ಅದನ್ನು ಎತ್ತಿ ಹೇಳಿದ ಇನ್ನೊಂದನ್ನು. ಇಡೀ ಜಿಲ್ಲೆ ಇಷ್ಟು ನೋವು ತಿಂದ ವಿಷಯದಲ್ಲಿ ನಮ್ಮವರೇ ಹೀಗೆ ಬರೆದರೆ, ಅನುಮಾನಿಸಲು ಕಾದು ಕೂತವರಿಗೆ ನಾವೇ ಕೋಲು ಕೊಟ್ಟ ಹಾಗೆ. ಯಾವ ಸಾಫ್ಟ್‌ವೇರೂ ಇದನ್ನು ಹಿಡಿಯುವುದಿಲ್ಲ. ಅದು ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟಿ ಕೊಡುತ್ತದೆ, ರಂಗಸ್ಥಳಕ್ಕೆ ಹೋಗಿ ಅರ್ಥ ಹೇಳಬೇಕಾದವರು ನೀವು.

ಎಐ ಬಗ್ಗೆಯೂ ಕೇಳುತ್ತೀರಿ, ಗೊತ್ತು. ಅದು ಹುಟ್ಟಿಸಿ ಕೊಡುವ ರೆಫರೆನ್ಸಿಗೆ ಡಿಒಐ (ಒತ್ತಿದರೆ ಲೇಖನಕ್ಕೇ ಹೋಗಬೇಕಾದ ಅದರ ಕಾಯಂ ಗುರುತು) ಕೂಡ ಇರುತ್ತದೆ. ಒತ್ತಿ ನೋಡಿ, ಎಷ್ಟೋ ಸಲ ಎಲ್ಲಿಗೂ ಹೋಗುವುದಿಲ್ಲ, ಇಲ್ಲವೇ ಬೇರೆ ಯಾವುದೋ ಲೇಖನಕ್ಕೆ ಹೋಗುತ್ತದೆ.

ಇನ್ನೊಂದು ಸಂಗತಿ, ಯಾರೂ ಕೇಳಿದ್ದಲ್ಲ, ಆದರೂ ಹೇಳುತ್ತೇನೆ. ಬೇರೆಯವರ ಹೆಸರು ಸರಿ ಮಾಡಿದ್ದಾಯಿತು, ನಿಮ್ಮ ಹೆಸರು? ನಮ್ಮ ಹಿರಿಯರಿಗೆ ಇನಿಷಿಯಲ್ ಮುಂದೆ. ಕೇರಳದಲ್ಲಿ ಎಸ್ಸೆಸ್ಸೆಲ್ಸಿ ಮಾಡಿದ ಮಕ್ಕಳ ದಾಖಲೆಯಲ್ಲಿ ಅದು ಹೆಚ್ಚಾಗಿ ಹಿಂದೆ. ‘ಗಣೇಶ ಕೆ.’ ಎಂದಿಟ್ಟುಕೊಳ್ಳಿ. ಜರ್ನಲಿನ ಫಾರ್ಮಿನಲ್ಲಿ ಮನೆತನದ ಹೆಸರಿನ ಖಾನೆಗೆ ‘ಕೆ’ ತುಂಬಿದರೆ ಪಬ್‌ಮೆಡ್ಡಿನಲ್ಲಿ ನೀವು ‘ಕೆ ಜಿ’ ಆಗಿ ಉಳಿಯುತ್ತೀರಿ, ಅಕ್ಕಿ ತೂಗುವ ಕೆಜಿಯ ಹಾಗೆ. ಆಮೇಲೆ ನಿಮ್ಮ ಲೇಖನ ನಿಮಗೇ ಸಿಗುವುದಿಲ್ಲ ಮಾರಾಯ್ರೆ.

ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ರಂಜಕ ಅಳೆಯುವ ಫಿಸ್ಕೆ–ಸುಬ್ಬಾರಾವ್ ವಿಧಾನ ನೆನಪುಂಟಾ? ಆ ಸುಬ್ಬಾರಾವ್ ಆಂಧ್ರದವರು, ಯಲ್ಲಾಪ್ರಗಡ (ಇಂಗ್ಲಿಷಿನಲ್ಲಿ ‘ವೈ’ಯಿಂದ ಶುರು) ಎಂಬುದು ಮನೆತನದ ಹೆಸರು, ತೆಲುಗಿನ ಪದ್ಧತಿಯಂತೆ ಮುಂದೆ. ಆದರೆ 1925ರ ಅವರ ಪ್ರಬಂಧವನ್ನು ಇವತ್ತಿಗೂ ಹುಡುಕುವುದು ‘ಸುಬ್ಬಾರಾವ್ ವೈ’ ಎಂದೇ. ಮನೆತನ ಒಂದಕ್ಷರವಾಯಿತು, ಹೆಸರು ಉಳಿಯಿತು. ನೀವೂ ಗಣೇಶನನ್ನು ಮನೆತನದ ಹೆಸರಿನ ಖಾನೆಗೆ ಹಾಕಿ ‘ಗಣೇಶ ಕೆ’ ಆಗಿಯೇ ಇರಬಹುದು, ಇಲ್ಲವೇ ‘ಕೆ’ಯನ್ನು ಬಿಡಿಸಿ ಬರೆಯಬಹುದು. ಜೊತೆಗೆ ಸಂಶೋಧಕರ ಗುರುತಿಗೆಂದೇ ಇರುವ ಒಂದು ಆರ್ಕಿಡ್ (ORCID) ಸಂಖ್ಯೆ ಮಾಡಿಸಿ. ಹದಿನಾರು ಅಂಕೆ, ದುಡ್ಡಿಲ್ಲ, ಮದುವೆಯಾಗಿ ಹೆಸರು ಬದಲಾದರೂ ಅದು ಬದಲಾಗುವುದಿಲ್ಲ.

ಮಂಜೇಶ್ವರದ ಡಾಕ್ಟ್ರೇ, ನಿಮ್ಮ ಕರಡಿನಲ್ಲಿ ಶೀರ್ಷಿಕೆ ಪುಟದ ಹೆಸರು ಒಂದು, ಎಥಿಕ್ಸ್ ಕಮಿಟಿ ಪತ್ರದ ಹೆಸರು ಇನ್ನೊಂದು. ಯಾವುದೆಂದು ತೀರ್ಮಾನಿಸಿ ಗೈಡಿಗೂ ತಿಳಿಸಿ. ನಾಲ್ಕನೇ ರೆಫರೆನ್ಸನ್ನು ಇವತ್ತು ರಾತ್ರಿಯೇ ಓದಿ, ಐದೇ ಪುಟ.