ಪದ ಪರಿಚಯ: ಎನ್‌ಎಲ್‌ಆರ್, ಗುಳ್ಳೆ ಕಾಯಿಲೆಯವರ ಸಿಬಿಸಿಯಲ್ಲಿ ಅಡಗಿರುವ ಅಂಕಿ

ಮುಂಬೈ, ಪುಣೆಯ ಡಾಕ್ಟರು ರಿಪೋರ್ಟ್ ನೋಡಿ ‘ಸೂಜ್ ಆಹೇ’ ಅಂದರೆ ಊರಿಂದ ಬಂದ ಅಜ್ಜಿಗೆ ಸೂಜಿ ಚುಚ್ಚುವ ಮಾತು ಕೇಳಿಸೀತು. ಮರಾಠಿಯ ಸೂಜ್ ಎಂದರೆ ಬಾವು. ಇಲ್ಲಿ ಅದರ ಅರ್ಥ ಉರಿಯೂತ. ಅದನ್ನು ಅಳೆಯುವ ಅಗ್ಗದ ಅಂಕಿಯೊಂದು ಮಾಮೂಲಿ ಸಿಬಿಸಿಯಲ್ಲೇ (ರಕ್ತಕಣಗಳನ್ನು ಎಣಿಸುವ ಪರೀಕ್ಷೆ) ಇದೆ: ಎನ್‌ಎಲ್‌ಆರ್, ಅಂದರೆ ನ್ಯೂಟ್ರೋಫಿಲ್–ಲಿಂಫೋಸೈಟ್ ಎಂಬ ಎರಡು ಬಗೆಯ ಬಿಳಿರಕ್ತಕಣಗಳ ಅನುಪಾತ.

ಎಲ್ಲ ಲ್ಯಾಬುಗಳೂ ಇದನ್ನು ಅಚ್ಚು ಹಾಕುವುದಿಲ್ಲ. ನ್ಯೂಟ್ರೋಫಿಲ್ 72%, ಲಿಂಫೋಸೈಟ್ 18% ಇದ್ದರೆ ಭಾಗಿಸಿ: 4. ಅಬ್ಸಲ್ಯೂಟ್ ಕೌಂಟ್ (ಶೇಕಡಾ ಅಲ್ಲ, ಕಣಗಳ ನೇರ ಎಣಿಕೆ) ಹಿಡಿದರೂ ಅದೇ ಉತ್ತರ. ಆರೋಗ್ಯವಂತ ವಯಸ್ಕರಲ್ಲಿ ಹೆಚ್ಚುಕಡಿಮೆ 1ರಿಂದ 3.

ಗುಳ್ಳೆ ಕಾಯಿಲೆಗಳಲ್ಲಿ ಒಂದಾದ ಪೆಂಫಿಗಸ್‌ನಲ್ಲಿ ದೇಹದ ಪ್ರತಿಕಾಯಗಳು (ರೋಗಾಣುಗಳ ವಿರುದ್ಧ ಹೋರಾಡಬೇಕಾದವು) ಚರ್ಮದ ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಡೆಸ್ಮೋಗ್ಲೀನ್ 1 ಮತ್ತು 3 ಎಂಬ ಪ್ರೋಟೀನ್‌ಗಳ ಮೇಲೆ ಬೀಳುತ್ತವೆ. ಗುಳ್ಳೆ ಸಡಿಲ, ಬೆರಳು ಸೋಕಿದರೆ ಒಡೆಯುತ್ತದೆ. ಇನ್ನೊಂದು ಗುಳ್ಳೆ ಕಾಯಿಲೆಯಾದ ಬುಲ್ಲಸ್ ಪೆಂಫಿಗಾಯ್ಡ್‌ನಲ್ಲಿ ಪೆಟ್ಟು ಬೀಳುವುದು ಮೇಲ್ಚರ್ಮವನ್ನು ಕೆಳಗಿನ ಪದರಕ್ಕೆ ಹಿಡಿದಿಡುವ ಬಿಪಿ180, ಬಿಪಿ230 ಎಂಬ ಪ್ರೋಟೀನ್‌ಗಳಿಗೆ. ಆ ಗುಳ್ಳೆ ಬಿಗಿ. ಎರಡರಲ್ಲೂ ಎನ್‌ಎಲ್‌ಆರ್ ಏರಬಹುದು. ಆದರೆ ನೆಗಡಿ-ಕೆಮ್ಮಿಗೂ ಅದು ಏರಬಹುದು. ಕಾಯಿಲೆ ಯಾವುದೆಂದು ಹೇಳುವುದು ಬಯಾಪ್ಸಿ, ಇಮ್ಯುನೋಫ್ಲೋರೆಸೆನ್ಸ್ (ಪ್ರತಿಕಾಯಗಳನ್ನು ಹೊಳೆಯುವಂತೆ ಮಾಡಿ ನೋಡುವ ಪರೀಕ್ಷೆ) ಮತ್ತು ಪ್ರತಿಕಾಯ ಅಳೆಯುವ ಎಲೈಸಾ, ಅನುಪಾತವಲ್ಲ.

ಹೆಚ್ಚಿನವರು ಎಡವುವುದು ಈ ಕಾಯಿಲೆಗಳಿಗೆ ಕೊಡುವ ಸ್ಟಿರಾಯ್ಡ್ ಶುರುವಾದ ಮೇಲೆ. ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಹೊಟ್ಟೆಗೆ ಹೋದ ಕೆಲವೇ ಗಂಟೆಗಳಲ್ಲಿ ರಕ್ತನಾಳದ ಗೋಡೆಗೆ ಅಂಟಿ ಕೂತಿದ್ದ ನ್ಯೂಟ್ರೋಫಿಲ್‌ಗಳು ಬಿಟ್ಟುಕೊಂಡು ಹರಿವಿಗೆ ಇಳಿಯುತ್ತವೆ, ಲಿಂಫೋಸೈಟ್‌ಗಳು ರಕ್ತ ಬಿಟ್ಟು ಬೇರೆಡೆ ಸರಿಯುತ್ತವೆ. ಮೇಲಿನ ಅಂಕಿ ಹಿಗ್ಗಿತು, ಕೆಳಗಿನದು ಕುಗ್ಗಿತು. 84ಕ್ಕೆ 10 ಬಂದರೆ ಅನುಪಾತ 8.4. ಇತ್ತ ಚರ್ಮ ಒಣಗುತ್ತಿದೆ, ಅತ್ತ ಮನೆಯವರು ರಿಪೋರ್ಟ್ ಹಿಡಿದು ಗಾಬರಿ. ಆದ್ದರಿಂದ ಹೋಲಿಸಲು ಯೋಗ್ಯವಾದ ಅಂಕಿ ಮೊದಲ ಮಾತ್ರೆಗೆ ಮುಂಚಿನದು. ನಂತರದ ಪ್ರತಿ ರಿಪೋರ್ಟಿನ ಮೂಲೆಯಲ್ಲಿ ಅವತ್ತಿನ ಡೋಸ್ ಎಷ್ಟು ಮಿಲಿಗ್ರಾಂ, ಮಾತ್ರೆ ಎಷ್ಟು ಹೊತ್ತಿಗೆ, ರಕ್ತ ಎಷ್ಟು ಹೊತ್ತಿಗೆ ಎಂದು ಪೆನ್ನಿನಲ್ಲಿ ಬರೆದಿಡಿ. ಇದಿಲ್ಲದ ಎನ್‌ಎಲ್‌ಆರ್ ಅನ್ನು ನಂಬದಿರುವುದೇ ವಾಸಿ.

ಸಿಬಿಸಿಯಲ್ಲೇ ಸಿಗುವ ಇನ್ನೊಂದು ಬಿಳಿರಕ್ತಕಣ ಇಯೋಸಿನೋಫಿಲ್‌ನ ಕಥೆ ಉಲ್ಟಾ. ಪೆಂಫಿಗಾಯ್ಡ್‌ನಲ್ಲಿ ಅದು ಮೈಕ್ರೋಲೀಟರಿಗೆ 500 ದಾಟುವುದು ಸಾಮಾನ್ಯ, ಸ್ಟಿರಾಯ್ಡ್ ಬಿದ್ದೊಡನೆ ಇಳಿಯುತ್ತದೆ. ಹೊಟ್ಟೆಹುಳ, ಅಸ್ತಮಾ ಇದ್ದರೂ ಏರುತ್ತದೆ ಅನ್ನುವುದು ಬೇರೆ ಮಾತು.

ಉರಿಯೂತ ಅಳೆಯುವ ಬೇರೆ ಎರಡು ರಕ್ತಪರೀಕ್ಷೆಗಳಿವೆ. ಇಎಸ್‌ಆರ್ (ಕೆಂಪು ರಕ್ತಕಣ ತಳಕ್ಕೆ ಇಳಿಯುವ ವೇಗ) ಸೋಮಾರಿ, ಉರಿಯೂತ ತಗ್ಗಿದ ಮೇಲೂ ವಾರಗಟ್ಟಲೆ ಮೇಲೆಯೇ ಕೂತಿರುತ್ತದೆ, ರಕ್ತಹೀನತೆ ಮತ್ತು ವಯಸ್ಸು ಅದನ್ನು ಇನ್ನಷ್ಟು ಏರಿಸುತ್ತವೆ. ಸಿಆರ್‌ಪಿ (ಉರಿಯೂತವಾದಾಗ ರಕ್ತದಲ್ಲಿ ಏರುವ ಪ್ರೋಟೀನ್) ಚುರುಕು, ಉರಿಯೂತ ನಿಂತರೆ ಸುಮಾರು 19 ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಅದರಲ್ಲೊಂದು ಗುಂಡಿ ಇದೆ: ಕೆಲವು ಲ್ಯಾಬು ಲೀಟರಿಗೆ ಮಿಲಿಗ್ರಾಂ ಲೆಕ್ಕ ಕೊಟ್ಟರೆ ಕೆಲವು ಡೆಸಿಲೀಟರಿಗೆ. ಪುಣೆಯಲ್ಲಿ 24 ಇದ್ದದ್ದು ಡೊಂಬಿವಿಲಿಯಲ್ಲಿ 2.4 ಆಯಿತೆಂದು ಸಂತೋಷಪಡುವ ಮೊದಲು ಅಂಕಿಯ ಪಕ್ಕದ ಯೂನಿಟ್ ಓದಿ. ಎರಡೂ ಒಂದೇ ಆಗಿರಬಹುದು.

ಮುಂಬೈ ಮಳೆಗಾಲದ್ದು ಇನ್ನೊಂದು ಪೇಚು. ಡೆಂಗ್ಯೂ ಬಂದರೆ ಬಿಳಿರಕ್ತಕಣ, ಪ್ಲೇಟ್‌ಲೆಟ್ ಎರಡೂ ಕುಸಿದು ಅನುಪಾತ ಸುಳ್ಳು ಹೇಳುತ್ತದೆ. ಲೆಪ್ಟೋಸ್ಪೈರೋಸಿಸ್‌ನಲ್ಲಿ (ಇಲಿ ಜ್ವರ) ನ್ಯೂಟ್ರೋಫಿಲ್, ಸಿಆರ್‌ಪಿ ಎರಡೂ ಏರುತ್ತವೆ. ಆ ರೋಗಾಣು ಗಾಯದ ಚರ್ಮದ ಮೂಲಕವೂ ದೇಹ ಸೇರುತ್ತದೆ. ಕಾಲಲ್ಲಿ ಒಡೆದ ಗುಳ್ಳೆ ಇಟ್ಟುಕೊಂಡು ರಸ್ತೆಯ ನಿಂತ ನೀರು ದಾಟಿದ್ದರೆ ಡಾಕ್ಟರಿಗೆ ಅದನ್ನು ಮೊದಲು ಹೇಳಬೇಕು. ಸ್ಟಿರಾಯ್ಡ್ ಜ್ವರವನ್ನು ಮುಚ್ಚಿಹಾಕುವುದರಿಂದ ಮೈ ಬಿಸಿಯಿಲ್ಲ ಎಂದು ಕಾಯಬಾರದು. ಡೋಸ್ ಬದಲಾಗಿಲ್ಲ, ಹೊಸ ಗುಳ್ಳೆಯೂ ಇಲ್ಲ, ಆದರೂ ಸಿಆರ್‌ಪಿ ದಿಢೀರನೆ ಏರಿದೆ ಅಂದರೆ ಮೊದಲು ಹುಡುಕಬೇಕಾದದ್ದು ಸೋಂಕನ್ನು. ಕೀವಿರುವ ಹುಣ್ಣಿನ ಸ್ವಾಬ್, ಅಗತ್ಯವಿದ್ದರೆ ರಕ್ತದ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ), ಸಾಧ್ಯವಾದರೆ ಆ್ಯಂಟಿಬಯಾಟಿಕ್ ಶುರುವಾಗುವ ಮುಂಚೆಯೇ.