ಬರೀ ಹತ್ತು ಕಿಲೋಮೀಟರ್ ಮೇಲ್ಸೇತುವೆಗೆ ಅಷ್ಟೊಂದು ಟೋಲ್ ಯಾಕೆ?

ಪ್ರಶ್ನೆ: ಮಗಳು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿದ್ದಾಳೆ. ತಿಂಗಳಿಗೆ ಎರಡು ಸಲ ದಾವಣಗೆರೆಯಿಂದ ಕಾರಿನಲ್ಲಿ ಹೋಗಿ ಬರುತ್ತೇವೆ. ಹೈವೇಯಲ್ಲಿ ಐವತ್ತು ಅರವತ್ತು ಕಿಲೋಮೀಟರಿಗೆ ಒಂದು ಟೋಲ್ ಬರುತ್ತದೆ, ಕಟ್ಟುತ್ತೇವೆ. ಆದರೆ ಸಿಲ್ಕ್ ಬೋರ್ಡ್ ದಾಟಿದ ಮೇಲೆ ಹತ್ತೇ ಕಿಲೋಮೀಟರ್ ಮೇಲ್ಸೇತುವೆಗೆ ಮತ್ತೆ ಟೋಲ್. ದೂರಕ್ಕೆ ಹೋಲಿಸಿದರೆ ಇದು ತುಂಬಾ ಜಾಸ್ತಿ ಅಲ್ವಾ? ಯಾವ ಲೆಕ್ಕದಲ್ಲಿ ತಗೋತಾರೆ?

ಉತ್ತರ: ಜಾಸ್ತಿಯೇ. ನಿಮ್ಮ ಅಂದಾಜು ತಪ್ಪಿಲ್ಲ. ನಮ್ಮ ದಾವಣಗೆರೆ ಹತ್ತಿರದ ಹೆಬ್ಬಾಳು ಟೋಲಿನಲ್ಲಿ ಕೊಡುವ ಒಂದು ರೂಪಾಯಿಗೆ ಸಿಗುವಷ್ಟು ದೂರ ಮೇಲ್ಸೇತುವೆಯಲ್ಲಿ ಸಿಗುವುದಿಲ್ಲ. ನೆಲದ ರಸ್ತೆಗೆ ಒಂದು ಲೆಕ್ಕ, ಕಂಬದ ಮೇಲಿನ ರಸ್ತೆಗೆ ಬೇರೆ ಲೆಕ್ಕ ಅಂತ ನಿಯಮದಲ್ಲೇ ಬರೆದಿದೆ.

ರಾಷ್ಟ್ರೀಯ ಹೆದ್ದಾರಿಗಳ ಟೋಲ್ ನಿಯಮ 2008ರದ್ದು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಲೇನ್ ಇರುವ ರಸ್ತೆಗೆ ಕಾರಿನ ಮೂಲ ದರ ಕಿಲೋಮೀಟರಿಗೆ 65 ಪೈಸೆ. ಬಸ್ಸು, ಲಾರಿಗೆ 2 ರೂಪಾಯಿ 20 ಪೈಸೆ. ಇದು 2007-08ರ ದರ. ಆಮೇಲೆ ಪ್ರತಿ ವರ್ಷ ಶೇ 3ರಷ್ಟು ಏರುತ್ತದೆ, ಅದರ ಜೊತೆಗೆ ಸಗಟು ಬೆಲೆ ಏರಿಕೆಯ ಶೇ 40 ಭಾಗವೂ ಸೇರುತ್ತದೆ. ಪ್ರತಿ ಏಪ್ರಿಲ್ 1ಕ್ಕೆ ಹೊಸ ದರ ಬಂತು ಅಂತ ಪೇಪರಿನಲ್ಲಿ ಓದುತ್ತೀರಲ್ಲ, ಅದು ಇದೇ.

ಈಗ ಮೇಲ್ಸೇತುವೆಗೆ ಬರೋಣ. ದೊಡ್ಡ ಸೇತುವೆ, ಸುರಂಗ, ಫ್ಲೈಓವರ್, ಎತ್ತರಿಸಿದ ಹೆದ್ದಾರಿ ಇವುಗಳ ಒಂದು ಕಿಲೋಮೀಟರನ್ನು ಹತ್ತು ಕಿಲೋಮೀಟರ್ ಅಂತ ಎಣಿಸುತ್ತಿದ್ದರು. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದಕ್ಕೊಂದು ಮಿತಿ ಹಾಕಿತು. ಸೇತುವೆಯ ಉದ್ದವನ್ನು ಹತ್ತರಿಂದ ಗುಣಿಸಿ ಉಳಿದ ರಸ್ತೆಯ ಉದ್ದಕ್ಕೆ ಕೂಡಬೇಕು. ಇನ್ನೊಂದು ಕಡೆ, ಇಡೀ ರಸ್ತೆಯ ಉದ್ದವನ್ನು ಐದರಿಂದ ಗುಣಿಸಬೇಕು. ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಟೋಲ್.

ಒಂದು ಉದಾಹರಣೆ ಹಾಕಿ ನೋಡೋಣ. 20 ಕಿ.ಮೀ. ರಸ್ತೆಯಲ್ಲಿ 4 ಕಿ.ಮೀ. ಮೇಲ್ಸೇತುವೆ ಇದೆ ಅಂದುಕೊಳ್ಳಿ. ನೆಲದ ರಸ್ತೆ 16, ಮೇಲ್ಸೇತುವೆಯ 4ಕ್ಕೆ 40, ಒಟ್ಟು 56. ಐದು ಪಟ್ಟು ಮಾಡಿದರೆ 100. ಕಡಿಮೆ ಇರುವುದು 56. ಅಂದರೆ ನೀವು ಓಡಿಸಿದ್ದು 20 ಕಿ.ಮೀ., ದುಡ್ಡು ಕೊಟ್ಟಿದ್ದು 56 ಕಿ.ಮೀ.ಗೆ. ಇಡೀ 10 ಕಿ.ಮೀ. ಕಂಬದ ಮೇಲೇ ಇದ್ದರೆ ಹತ್ತು ಪಟ್ಟು 100, ಐದು ಪಟ್ಟು 50. ಆಗ 50 ಕಿ.ಮೀ.ಗೆ ಕಟ್ಟಬೇಕು. ಮೊದಲಿದ್ದ ಲೆಕ್ಕಕ್ಕಿಂತ ಇದು ಅರ್ಧ, ಆದರೂ ನೆಲದ ರಸ್ತೆಯ ಐದು ಪಟ್ಟು.

ನೀವು ಕೇಳಿದ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯ ಒಪ್ಪಂದ ಈ ನಿಯಮಕ್ಕಿಂತ ಹಳೆಯದು, 2006ರದ್ದು. ಅದರ ದರ ಆ ಒಪ್ಪಂದದಲ್ಲಿ ಬರೆದ ಹಾಗೆ ನಡೆಯುತ್ತದೆ. ಏರಿಕೆಯೂ ಅಲ್ಲಿ ಏಪ್ರಿಲ್ ಬದಲು ಜುಲೈ 1ಕ್ಕೆ ಬರುತ್ತದೆ. ಬೈಕಿಗೂ ಟೋಲ್ ಉಂಟು. ನಮ್ಮ ಹೈವೇಯಲ್ಲಿ ಬೈಕಿನವರು ಪಕ್ಕದ ದಾರಿಯಲ್ಲಿ ಸುಮ್ನೆ ದಾಟಿ ಹೋಗುವುದನ್ನು ನೋಡಿದವರಿಗೆ ಅಲ್ಲಿ ಆಶ್ಚರ್ಯ ಆಗುತ್ತದೆ.

ಹಾಗಾದರೆ ಐದು ಪಟ್ಟು, ಹತ್ತು ಪಟ್ಟು ಅನ್ನುವ ಮಾತು ಎಲ್ಲಿಂದ ಬಂತು? ಅದು ತಿಳಿಯಬೇಕಾದರೆ ಮೇಲ್ಸೇತುವೆ ಹೇಗೆ ನಿಂತಿದೆ ಅಂತ ನೋಡಬೇಕು.

ಊರಿನ ಒಳಗೆ ರಸ್ತೆ ಅಗಲ ಮಾಡಲು ಜಾಗ ಸಿಗುವುದಿಲ್ಲ. ಸಿಕ್ಕರೂ ಅಂಗಡಿ ಮನೆ ಒಡೆದು ಪರಿಹಾರ ಕೊಡುವಷ್ಟರಲ್ಲಿ ವರ್ಷಗಳು ಹೋಗುತ್ತವೆ. ಅದಕ್ಕೇ ಇರುವ ರಸ್ತೆಯ ನಡುವಿನ ಡಿವೈಡರಿನಲ್ಲಿ ಕಂಬ ಎಬ್ಬಿಸಿ ಅದರ ಮೇಲೆ ರಸ್ತೆ ಹಾಕುತ್ತಾರೆ. ಕೆಳಗೆ ವಾಹನ ಓಡಾಡುತ್ತಲೇ ಇರಬೇಕು, ಮೇಲೆ ಕೆಲಸ ನಡೆಯಬೇಕು. ಸೆಂಟ್ರಿಂಗ್ ಕೊಟ್ಟು ಅಲ್ಲೇ ಕಾಂಕ್ರೀಟ್ ಸುರಿಯುವುದು ಕಷ್ಟ. ಹಾಗಾಗಿ ಸೇತುವೆಯನ್ನು ತುಂಡು ತುಂಡಾಗಿ ಬೇರೆ ಕಡೆ ಯಾರ್ಡಿನಲ್ಲಿ ಎರಕ ಹಾಕುತ್ತಾರೆ. ಈ ತುಂಡಿಗೆ ಸೆಗ್ಮೆಂಟ್ ಅನ್ನುತ್ತಾರೆ. ಒಳಗೆ ಟೊಳ್ಳಾದ ದೊಡ್ಡ ಪೆಟ್ಟಿಗೆಯ ಹಾಗಿರುತ್ತದೆ. ರಾತ್ರಿ ಹೊತ್ತು ಟ್ರೇಲರಿನಲ್ಲಿ ತಂದು, ಕಂಬದಿಂದ ಕಂಬಕ್ಕೆ ಚಾಚಿಕೊಂಡಿರುವ ಉಕ್ಕಿನ ಯಂತ್ರದಿಂದ ಒಂದೊಂದನ್ನೇ ಎತ್ತಿ ಸಾಲಾಗಿ ತೂಗುಹಾಕುತ್ತಾರೆ. ಮುಖಕ್ಕೆ ಮುಖ ಸೇರುವಲ್ಲಿ ಅಂಟು ಬಳಿಯುತ್ತಾರೆ. ಆದರೆ ಇಷ್ಟು ತೂಕವನ್ನು ಹಿಡಿಯುವುದು ಆ ಅಂಟಲ್ಲ.

ಇಟ್ಟಿಗೆ ಲಾರಿ ಇಳಿಸುವವರನ್ನು ನೋಡಿದ್ದೀರಲ್ಲ? ನಾಲ್ಕೈದು ಇಟ್ಟಿಗೆಯನ್ನು ಒಂದಕ್ಕೊಂದು ತಾಗಿಸಿ, ಎರಡೂ ತುದಿಗೆ ಅಂಗೈ ಒತ್ತಿ, ಒಂದೇ ಸಲಕ್ಕೆ ಎತ್ತುತ್ತಾರೆ. ನಡುವಿನ ಇಟ್ಟಿಗೆಗೆ ಕೆಳಗಿನಿಂದ ಆಸರೆ ಇಲ್ಲ. ಆದರೂ ಬೀಳುವುದಿಲ್ಲ. ಕೈಯ ಬಿಗಿ ಒಂಚೂರು ಸಡಿಲವಾದರೆ ಮಾತ್ರ ಮೊದಲು ಜಾರುವುದು ಆ ನಡುವಿನದ್ದೇ. ಮೇಲ್ಸೇತುವೆಯೂ ಹೀಗೇ. ಇಲ್ಲಿ ಎರಡು ಅಂಗೈ ಬದಲು ಉಕ್ಕಿನ ಕೇಬಲ್ ಇರುತ್ತದೆ. ಸೆಗ್ಮೆಂಟುಗಳ ಉದ್ದಕ್ಕೂ ಕೊಳವೆಯೊಳಗೆ ಕೇಬಲ್ ತೂರಿಸಿ, ಎರಡೂ ತುದಿಯಲ್ಲಿ ಜಾಕ್ ಹಾಕಿ ಎಳೆದು, ಬೆಣೆ ಹೊಡೆದ ಹಾಗೆ ಬಿಗಿ ಮಾಡುತ್ತಾರೆ. ಆಮೇಲೆ ಕೊಳವೆಯಲ್ಲಿ ಉಳಿದ ಜಾಗಕ್ಕೆ ಸಿಮೆಂಟಿನ ತೆಳು ಗಂಜಿ ತುಂಬುತ್ತಾರೆ. ಗಾಳಿ, ನೀರು ಒಳಗೆ ಹೋಗಿ ಕೇಬಲಿಗೆ ತುಕ್ಕು ಹಿಡಿಯಬಾರದು ಅಂತ. ಈ ತುಂಬುವ ಕೆಲಸ ಹೊರಗಿನಿಂದ ಕಾಣುವುದಿಲ್ಲ. ಎಲ್ಲೋ ಒಂದು ಗೇಣು ಜಾಗ ಖಾಲಿ ಉಳಿದರೂ ಮೇಲೆ ಕಾರು ಓಡಿಸುವವರಿಗೆ ಗೊತ್ತಾಗುವುದಿಲ್ಲ.

ಕೇಬಲಿನ ಬಿಗಿ ಹೋದರೆ ಏನಾಗುತ್ತದೆ ಅನ್ನುವುದನ್ನು ದಾವಣಗೆರೆ, ಚಿತ್ರದುರ್ಗದ ಜನ ಮೈಮೇಲೆ ಅನುಭವಿಸಿದ್ದಾರೆ. ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆ, ಅಂದರೆ ಡಾ. ಶಿವಕುಮಾರ ಸ್ವಾಮೀಜಿ ಮೇಲ್ಸೇತುವೆ, ನಮಗೆ ಬೆಂಗಳೂರಿನ ಬಾಗಿಲು. ಗೊರಗುಂಟೆಪಾಳ್ಯದಿಂದ ಪಾರ್ಲೆ ಫ್ಯಾಕ್ಟರಿ ತನಕ ನಾಲ್ಕು ಕಿಲೋಮೀಟರ್ ಚಿಲ್ಲರೆ. 2021ರ ಡಿಸೆಂಬರ್ 25ರಂದು ಅದನ್ನು ಮುಚ್ಚಿದರು. 102 ಮತ್ತು 103ನೇ ಕಂಬದ ನಡುವೆ ಕೇಬಲ್ ಹಾಳಾಗಿದ್ದು ಕಂಡುಬಂದಿತ್ತು.

ಅದರ ಮುಂದಿನ ತಿಂಗಳು ನಾನು ರಾತ್ರಿ ಬಸ್ಸಿನಲ್ಲಿ ದಾವಣಗೆರೆಯಿಂದ ಹೊರಟಿದ್ದೆ. ನೆಲಮಂಗಲ ದಾಟಿದಾಗ ಇನ್ನೂ ಕತ್ತಲು. ಪಾರ್ಲೆ ಹತ್ತಿರ ಮೇಲೆ ಹತ್ತುವ ದಾರಿಗೆ ಬ್ಯಾರಿಕೇಡ್ ಇಟ್ಟಿದ್ದರು. ಬಸ್ಸು ಕೆಳಗಿಳಿದು ನಿಂತಿದ್ದು ನಿಂತೇ ಇತ್ತು. ಪಕ್ಕದಲ್ಲಿ ಮೆಕ್ಕೆಜೋಳದ ಲಾರಿ, ಅದರ ಹಿಂದೆ ಇನ್ನೊಂದು, ಮತ್ತೊಂದು. ಮುಂದಿನ ಸೀಟಿನಲ್ಲಿದ್ದ ಅಜ್ಜಿಯೊಬ್ಬರಿಗೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಬೇಕಿತ್ತು. ಅವರು ಮತ್ತೆ ಮತ್ತೆ ಕೇಳುತ್ತಿದ್ದರು. ಡ್ರೈವರ್ ಹೇಳಿದ್ದು ಇಷ್ಟೇ: "ಮೇಲೆ ಬಿಡಂಗಿಲ್ಲ ಅಜ್ಜಿ, ಕೆಳಗೇ ಹೋಗ್ಬೇಕು." ಹತ್ತು ನಿಮಿಷದ ದಾರಿಗೆ ಒಂದೂವರೆ ಗಂಟೆ ಹಿಡಿಯಿತು. ಆ ಅಜ್ಜಿಯ ಮುಖ ನನಗೆ ಇನ್ನೂ ಮರೆತಿಲ್ಲ.

2022ರ ಫೆಬ್ರವರಿಯಲ್ಲಿ ಕಾರು, ಬೈಕು ಬಿಟ್ಟರು. ಲಾರಿ, ಬಸ್ಸು ಮತ್ತೆ ಮೇಲೆ ಹತ್ತಲು 2024ರ ಜುಲೈ 29 ಬರಬೇಕಾಯಿತು. ಎರಡೂವರೆ ವರ್ಷಕ್ಕೂ ಜಾಸ್ತಿ. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಪರೀಕ್ಷೆ ಮಾಡಿದರು. 120 ಸ್ಪ್ಯಾನ್‌ಗಳಿಗೆ, ಅಂದರೆ ಎರಡು ಕಂಬದ ನಡುವಿನ ಭಾಗಗಳಿಗೆ, ಒಂದೊಂದಕ್ಕೆ ಎರಡರಂತೆ, ಮೊದಲು 240 ಹೊಸ ಕೇಬಲ್ ಸೇರಿಸಿದರು. ಭಾರ ತುಂಬಿದ ಲಾರಿಗಳನ್ನು ಮೇಲೆ ನಿಲ್ಲಿಸಿ ಸೇತುವೆ ಎಷ್ಟು ಬಗ್ಗುತ್ತದೆ, ಇಳಿಸಿದ ಮೇಲೆ ಮೊದಲಿನ ಹಾಗೆ ಏಳುತ್ತದೋ ಇಲ್ಲವೋ ಅಂತ ಅಳೆದರು. ಭಾರಿ ವಾಹನ ಬಿಟ್ಟ ಮೇಲೂ ವಾರಕ್ಕೊಂದು ದಿನ, ಶುಕ್ರವಾರ, ನಿರ್ವಹಣೆಗೆ ಅಂತ ಅವುಗಳಿಗೆ ರಜೆ ಇಟ್ಟರು.

ಇದನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣ ಇದೆ. ನೆಲದ ರಸ್ತೆ ಕೆಟ್ಟರೆ ಗುಂಡಿ ಬೀಳುತ್ತದೆ, ಡಾಂಬರು ಹಾಕಿದರೆ ಸರಿಹೋಗುತ್ತದೆ. ಮೇಲ್ಸೇತುವೆ ಕೆಟ್ಟರೆ ಒಂದು ಜಿಲ್ಲೆಯ ಲಾರಿ, ಬಸ್ಸು, ರೋಗಿ, ಸಂತೆ ಎಲ್ಲವೂ ನಿಲ್ಲುತ್ತವೆ. ನಾವು ಕಟ್ಟುವ ಹೆಚ್ಚಿನ ಟೋಲಿನಲ್ಲಿ ಕಟ್ಟಿದ ಖರ್ಚು ಮಾತ್ರವಲ್ಲ, ಅದನ್ನು ಕಾಯುವ ಖರ್ಚೂ ಇದೆ. ಕಂಬಕ್ಕೂ ಮೇಲಿನ ರಸ್ತೆಗೂ ನಡುವೆ ಬೇರಿಂಗ್ ಇರುತ್ತದೆ. ಬಿಸಿಲಿಗೆ ಸೇತುವೆ ಹಿಗ್ಗಿದಾಗ, ಚಳಿಗೆ ಕುಗ್ಗಿದಾಗ ಸರಿದಾಡಲು ಅದು ಬೇಕು. ಅದು ಸವೆಯುತ್ತದೆ, ಸೇತುವೆಯನ್ನು ಜಾಕ್ ಕೊಟ್ಟು ಮೇಲೆತ್ತಿ ಬದಲಿಸಬೇಕು. ಮೇಲೆ ಹೋಗುವಾಗ ಟಯರ್ ಕೆಳಗೆ ದಡ್ ದಡ್ ಅಂತ ಕೇಳುತ್ತದಲ್ಲ, ಅದು ಎರಡು ಸ್ಪ್ಯಾನ್ ನಡುವೆ ಬಿಟ್ಟ ಸಂದಿಗೆ ಹಾಕಿದ ಜಾಯಿಂಟ್. ಅದರ ರಬ್ಬರ್ ಹರಿದರೆ ಮಳೆ ನೀರು ನೇರ ಕೆಳಗಿನ ಬೇರಿಂಗಿಗೆ, ಕೇಬಲಿನ ತುದಿಗೆ ಇಳಿಯುತ್ತದೆ. ಸದ್ದು ಮೊದಲಿಗಿಂತ ಜೋರಾಗಿದೆ ಅನ್ನಿಸಿದರೆ 1033ಕ್ಕೆ ಫೋನ್ ಮಾಡಿ ಹೇಳಿ. ಅದು ಹೆದ್ದಾರಿ ಸಹಾಯವಾಣಿ.

ಇನ್ನು ದುಡ್ಡು ಯಾರ ಜೇಬಿಗೆ ಹೋಗುತ್ತದೆ? ರಸ್ತೆಯಿಂದ ರಸ್ತೆಗೆ ಬೇರೆ. ಎಲೆಕ್ಟ್ರಾನಿಕ್ ಸಿಟಿಯದ್ದು ಕಟ್ಟು, ನಡೆಸು, ಹಿಂದಿರುಗಿಸು ಅನ್ನುವ ಬಗೆಯದ್ದು. ಕಂಪನಿ ಸಾಲ ತಂದು ಕಟ್ಟುತ್ತದೆ, ಒಪ್ಪಂದದ ಅವಧಿಯಲ್ಲಿ ಟೋಲ್ ಎತ್ತಿ ಸಾಲ, ಬಡ್ಡಿ, ನಿರ್ವಹಣೆ, ಲಾಭ ಎಲ್ಲವನ್ನೂ ತೆಗೆಯುತ್ತದೆ. ಅಲ್ಲಿ ಅವಧಿ 20 ವರ್ಷ, ಕಟ್ಟುವ ಕಾಲವೂ ಸೇರಿ. ಸಂಚಾರ ಶುರುವಾಗಿದ್ದು 2010ರ ಜನವರಿ 22ರಂದು. ಕಟ್ಟುವುದು ತಡವಾದಷ್ಟೂ ಟೋಲ್ ಎತ್ತುವ ವರ್ಷ ಕಡಿಮೆಯಾಗುತ್ತದೆ. ಈಚೆಗೆ ಹೆಚ್ಚಾಗಿ ನಡೆಯುವುದು ಬೇರೆ ಬಗೆ: ಸರ್ಕಾರ ಕಟ್ಟುವಾಗಲೇ ಶೇ 40 ಕೊಡುತ್ತದೆ, ಉಳಿದದ್ದನ್ನು ಕಂತಿನಲ್ಲಿ. ಆಗ ಟೋಲ್ ನೇರ ಹೆದ್ದಾರಿ ಪ್ರಾಧಿಕಾರಕ್ಕೆ ಹೋಗುತ್ತದೆ.

ಒಪ್ಪಂದವನ್ನು ಸರಿಯಾಗಿ ಬರೆಯದಿದ್ದರೆ ಟೋಲ್ ಮುಗಿಯುವುದೇ ಇಲ್ಲ. ದೆಹಲಿ ಮತ್ತು ನೋಯ್ಡಾ ನಡುವಿನ ಡಿಎನ್‌ಡಿ ರಸ್ತೆ ಇದಕ್ಕೆ ಸಾಕ್ಷಿ. 2001ರಲ್ಲಿ ಶುರುವಾಯಿತು. ಕಂಪನಿಗೆ ವರ್ಷಕ್ಕೆ ಶೇ 20ರ ಲಾಭ ಸಿಗಲೇಬೇಕು ಅಂತ ಒಪ್ಪಂದ. ಸಿಗದಷ್ಟು ಮೊತ್ತ ಬಂಡವಾಳಕ್ಕೇ ಸೇರುತ್ತಾ ಹೋಯಿತು. ಬಡ್ಡಿ ಅಸಲಿಗೆ ಸೇರಿ ಅಸಲೇ ಬೆಳೆಯುವ ಸಾಲ ನಮ್ಮ ಹಳ್ಳಿಗಳಲ್ಲಿ ಎಷ್ಟು ಮನೆ ಮುಳುಗಿಸಿದೆ ಅಂತ ಗೊತ್ತಲ್ಲ, ಅದೇ ಥರ. ಜನ ಕೋರ್ಟಿಗೆ ಹೋದರು. 2016ರ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟ್ ಟೋಲ್ ನಿಲ್ಲಿಸಿತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಟೋಲ್ ಎಷ್ಟು ಅನ್ನುವುದಕ್ಕಿಂತ ಎಷ್ಟು ವರ್ಷ, ಯಾವ ಲೆಕ್ಕಕ್ಕೆ ಅಂತ ಕೇಳುವುದು ಯಾಕೆ ಮುಖ್ಯ ಅಂತ ನನಗೆ ಮನವರಿಕೆ ಆಗಿದ್ದು ಈ ಪ್ರಕರಣದಿಂದ.

ಖರ್ಚು ವಾಪಸ್ ಬಂದ ಮೇಲೆ ಟೋಲನ್ನು ಶೇ 40ಕ್ಕೆ ಇಳಿಸಬೇಕು ಅಂತ 2008ರ ನಿಯಮದಲ್ಲಿ ಇತ್ತು. 2023ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ನನ್ನ ಮಟ್ಟಿಗೆ ಇದು ತಪ್ಪು. ನಿರ್ವಹಣೆಗೆ ದುಡ್ಡು ಬೇಕು, ನಿಜ. ಆದರೆ ಆ ದುಡ್ಡು ಅದೇ ಸೇತುವೆಯ ಕೇಬಲಿಗೆ, ಬೇರಿಂಗಿಗೆ ಹೋಗುತ್ತಿದೆ ಅಂತ ಪ್ರತಿ ವರ್ಷ ಲೆಕ್ಕ ತೋರಿಸಬೇಕು.

ಕೊನೆಗೆ ನಿಮ್ಮ ಕಾರಿನ ಮಾತು. ಹೆಬ್ಬಾಳು, ಗುಯಿಲಾಳು, ಕರಜೀವನಹಳ್ಳಿ, ಕ್ಯಾತ್ಸಂದ್ರ, ನೆಲಮಂಗಲ ಹೀಗೆ ಒಂದು ಕಡೆಗೆ ಐದು ಟೋಲ್ ಅಂತ ಹಿಡಿಯಿರಿ. ಹೋಗಿ ಬರಲು ಹತ್ತು. ಫಾಸ್ಟ್ಯಾಗ್ ವಾರ್ಷಿಕ ಪಾಸ್ 2025ರ ಆಗಸ್ಟ್ 15ರಂದು ಶುರುವಾದಾಗ 3,000 ರೂಪಾಯಿ ಇತ್ತು. 200 ಸಲ ದಾಟಬಹುದು, ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಆ ದರದಲ್ಲಿ ಒಂದು ಸಲಕ್ಕೆ 15 ರೂಪಾಯಿ ಬೀಳುತ್ತದೆ. ನೀವು ತಿಂಗಳಿಗೆ ಎರಡು ಸಲ ಹೋಗುವವರಾದ್ದರಿಂದ ಪಾಸ್ ಹತ್ತು ತಿಂಗಳಿಗೆ ಮುಗಿಯುತ್ತದೆ. ಆದರೂ ನಿಮಗೆ ಲಾಭವೇ. ಸ್ವಂತ ಕಾರು, ಜೀಪು, ವ್ಯಾನಿಗೆ ಮಾತ್ರ ಇದು, ಟ್ಯಾಕ್ಸಿಗೆ ಇಲ್ಲ.

ಮಗಳ ಮನೆಗೆ ಊರೊಳಗೆ ಹೋಗದೆ ಮಾದಾವರದ ಹತ್ತಿರ ನೈಸ್ ರಸ್ತೆ ಹತ್ತಿದರೆ ಎಲೆಕ್ಟ್ರಾನಿಕ್ ಸಿಟಿಗೆ ನೇರ ಸೇರಬಹುದು. ಅದು ರಾಷ್ಟ್ರೀಯ ಹೆದ್ದಾರಿ ಅಲ್ಲ, ಪಾಸ್ ನಡೆಯುವುದಿಲ್ಲ, ಟೋಲ್ ಬೇರೆ ಕಟ್ಟಬೇಕು. ಸಿಲ್ಕ್ ಬೋರ್ಡ್ ಕಡೆಯಿಂದಲೇ ಹೋಗುವುದಾದರೆ ಮೇಲ್ಸೇತುವೆಯ ಕೆಳಗಿನ ರಸ್ತೆ ಇದ್ದೇ ಇದೆ, ಅದಕ್ಕೆ ಎಲೆಕ್ಟ್ರಾನಿಕ್ ಸಿಟಿ ತನಕ ಟೋಲ್ ಇಲ್ಲ. ಭಾನುವಾರ ಬೆಳಿಗ್ಗೆ ಬೇಗ ತಲುಪಿದರೆ ಕೆಳಗೇ ಹೋಗಿ, ಸಿಗ್ನಲ್ ಇದ್ದರೂ ಅಷ್ಟೇನೂ ತಡವಾಗುವುದಿಲ್ಲ. ಸೋಮವಾರ ಸಂಜೆಯಾದರೆ ಮೇಲೆ ಹತ್ತುವುದೇ ವಾಸಿ.