ಘಾಟಿ ಏರುವಾಗ ಚುಸ್ ಚುಸ್ ಅಂದರೆ

ಹಳೇ ಡೀಸೆಲ್ ಜೀಪು ಆಗುಂಬೆ ಘಾಟಿ ಹತ್ತುತ್ತಿರುತ್ತದೆ. ತಿರುವಿನಲ್ಲಿ ಲೋಡ್ ಬಿದ್ದ ಕೂಡಲೇ ಬಾನೆಟ್ ಒಳಗಿಂದ ‘ಚುಸ್ ಚುಸ್’ ಅಂತ ಸದ್ದು. ಇಳಿಯುವಾಗ ಸದ್ದೇ ಇಲ್ಲ. ಪೆಟ್ರೋಲ್ ಕಾರಿನ ಕಾಯಿಲೆ ಇದಕ್ಕೆ ತದ್ವಿರುದ್ಧ. ಘಾಟಿ ಆರಾಮಾಗಿ ಹತ್ತುತ್ತದೆ, ತೀರ್ಥಹಳ್ಳಿ ಪೇಟೆಯಲ್ಲಿ ನಿಂತರೆ ಗಡಗಡ ನಡುಗುತ್ತದೆ. ಎರಡರಲ್ಲೂ ಮೊದಲು ಅನುಮಾನ ಪಡಬೇಕಾದ್ದು ಇಂಜೆಕ್ಟರ್ ಸೀಲ್ ಮೇಲೆ, ಅಂದರೆ ಇಂಜಿನ್‌ಗೆ ಇಂಧನ ಚಿಮುಕಿಸುವ ಇಂಜೆಕ್ಟರ್ ಸುತ್ತ ಸೋರದಂತೆ ತಡೆಯುವ ಬಿಗಿತದ ಮೇಲೆ.

ಸಾಮಾನ್ಯ ಪೆಟ್ರೋಲ್ ಕಾರುಗಳಲ್ಲಿ ಇಂಜೆಕ್ಟರಿಗೆ ಮೇಲೊಂದು, ಕೆಳಗೊಂದು ರಬ್ಬರ್ ಓ-ರಿಂಗ್ ಇರುತ್ತದೆ. ಮೇಲಿನದು 3-4 ಬಾರ್ (ಒಂದು ಬಾರ್ ಅಂದರೆ ಹೆಚ್ಚುಕಮ್ಮಿ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಒತ್ತಡದ ಪೆಟ್ರೋಲನ್ನು ಹಿಡಿದಿಡಬೇಕು. ಕೆಳಗಿನದು ಹೊರಗಿನ ಗಾಳಿಯನ್ನು ತಡೆಯಬೇಕು. ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ, ಗಾಳಿ ಒಳಬಿಡುವ ಬಾಗಿಲಾದ ಥ್ರಾಟಲ್ ಬಹುಪಾಲು ಮುಚ್ಚಿರುತ್ತದೆ, ಪಿಸ್ಟನ್‌ಗಳು ಮಾತ್ರ ಎಳೆಯುತ್ತಲೇ ಇರುತ್ತವೆ. ಸಿಲಿಂಡರುಗಳಿಗೆ ಗಾಳಿ ಒಯ್ಯುವ ಕೊಳವೆಯ (ಮ್ಯಾನಿಫೋಲ್ಡ್) ಒಳಗೆ ಒತ್ತಡ ತೀರಾ ಇಳಿಯುತ್ತದೆ. ರಿಂಗ್ ಸಡಿಲವಾಗಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಅಲ್ಲಿಂದ ನುಗ್ಗಿ ಇಂಜಿನ್ ಮಿಸ್ ಹೊಡೆಯುತ್ತದೆ. ಆಕ್ಸಲರೇಟರ್ ತುಳಿದರೆ ಥ್ರಾಟಲ್ ತೆರೆದು ಒಳಗಿನ, ಹೊರಗಿನ ಒತ್ತಡ ಹತ್ತಿರ ಬರುತ್ತವೆ, ಸೋರಿಕೆ ತಗ್ಗುತ್ತದೆ. ಅದಕ್ಕೇ ಘಾಟಿಯಲ್ಲಿ ತೊಂದರೆ ಕಾಣುವುದಿಲ್ಲ.

ಓ-ರಿಂಗ್ ಸುಮ್ನೆ ಸಂದಿ ಮುಚ್ಚುವ ಬಿರಡೆ ಅಲ್ಲ. ಡೆನ್ಮಾರ್ಕ್ ಮೂಲದ ನೀಲ್ಸ್ ಕ್ರಿಸ್ಟೆನ್ಸನ್‌ಗೆ 1939ರಲ್ಲಿ ಅಮೆರಿಕದಲ್ಲಿ ಇದರ ಪೇಟೆಂಟ್ ಸಿಕ್ಕಿತು. ರಿಂಗನ್ನು ಅದಕ್ಕಾಗಿ ಕೊರೆದ ತೋಡಿನೊಳಗೆ ಸ್ವಲ್ಪ ಅದುಮಿ ಕೂರಿಸುತ್ತಾರೆ. ದ್ರವದ ಒತ್ತಡ ಏರಿದಂತೆ ಅದು ರಬ್ಬರನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ. ರಬ್ಬರ್ ಕುಗ್ಗುವುದಿಲ್ಲ, ಗೋಡೆಗಳ ಮೇಲೆ ಇನ್ನೂ ಬಿಗಿಯಾಗಿ ಒತ್ತುತ್ತದೆ. ಸೋರಬೇಕಾದ ಒತ್ತಡವೇ ಸೋರಿಕೆಯನ್ನು ತಡೆಯುತ್ತದೆ, ಮಜವಾಗಿದೆ ಅಲ್ವಾ? ಆದರೆ ಮೊದಲ ಅದುಮು ಉಳಿದಿರಬೇಕು. ಕುಕ್ಕರ್ ಗ್ಯಾಸ್ಕೆಟ್‌ನಂತೆ ಇದೂ ವರ್ಷಗಟ್ಟಲೆ ಬಿಸಿ ತಿಂದು ಗಟ್ಟಿಯಾಗುತ್ತದೆ. ಹಳೇ ರಿಂಗನ್ನು ಬೆರಳ ನಡುವೆ ಉರುಳಿಸಿ ನೋಡಿ. ಗುಂಡಗಿದ್ದ ಮೈ ಗೋಡೆಗೆ ಒತ್ತಿದ್ದ ಕಡೆ ಚಪ್ಪಟೆಯಾಗಿರುತ್ತದೆ. ಉಗುರಿನಿಂದ ಒತ್ತಿದರೆ ಗುರುತು ಬೀಳುವುದಿಲ್ಲ, ಬಗ್ಗಿಸಿದರೆ ಸಣ್ಣ ಬಿರುಕುಗಳು ಬಾಯಿ ಬಿಡುತ್ತವೆ. ಈಗ ಬಂಕ್‌ಗಳಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲ್ ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ. ಹೊಸದು ಹಾಕುವಾಗ ಫ್ಲೋರಿನ್ ಇರುವ ವಿಟಾನ್ ಜಾತಿಯ ರಿಂಗ್ ಕೇಳಿ.

ಬಹುತೇಕ ಡೀಸೆಲ್ ಇಂಜಿನ್‌ಗಳಲ್ಲಿ ಇಂಜೆಕ್ಟರಿನ ಮೂತಿ ನೇರ ಸಿಲಿಂಡರಿನೊಳಗೆ ಇರುತ್ತದೆ. ಅಲ್ಲಿ ರಬ್ಬರ್ ಬದುಕುವುದಿಲ್ಲ. ಲೋಡ್ ಬಿದ್ದಾಗ ಒತ್ತಡ 100 ಬಾರ್ ದಾಟುತ್ತದೆ. ಅಲ್ಲಿರುವುದು ಕಾಪರ್ ವಾಷರ್. ಇದರ ಗುಣ ರಬ್ಬರಿಗೆ ಪೂರ್ತಿ ಉಲ್ಟಾ. ರಬ್ಬರ್ ಅದುಮಿದರೂ ಮರಳಿ ಎದ್ದೇಳಬೇಕು, ತಾಮ್ರ ಅದುಮಿಸಿಕೊಂಡು ಹಾಗೇ ಉಳಿಯಬೇಕು. ಬೋಲ್ಟ್ ಬಿಗಿದಾಗ ಮೆತ್ತಗಿನ ತಾಮ್ರ ತಾನು ಕೂರುವ ಜಾಗದ ಸಣ್ಣ ಗೀರುಗಳಿಗೆಲ್ಲ ಹರಿದು ಕೂರುತ್ತದೆ. ಹಾಗೆ ಕೂರುವಾಗ ಗಡುಸಾಗುತ್ತದೆ. ಅದನ್ನೇ ಬಿಚ್ಚಿ ಮತ್ತೆ ಹಾಕಿದರೆ ಹಳೇ ಗೀರು ಹೊಸ ಜಾಗಕ್ಕೆ ಹೊಂದುವುದಿಲ್ಲ. ಹಳೇದನ್ನೇ ಮರಳಿ ಹಾಕಿ ಉಳಿಸುವ ದುಡ್ಡು ದಂಡ.

ವಾಷರ್ ಹಿಡಿತ ಬಿಟ್ಟರೆ ಉರಿದ ಅನಿಲ ಪಕ್ಕದಿಂದ ಮೇಲೆ ಚಿಮ್ಮುತ್ತದೆ. ಏರಿನಲ್ಲಿ ಕೇಳುವ ಸದ್ದು ಅದೇ. ಆ ಅನಿಲದ ಮಸಿ ಇಂಜೆಕ್ಟರ್ ಸುತ್ತ ಡಾಂಬರಿನ ಹಾಗೆ ಗಟ್ಟಿಯಾಗಿ, ಕೊನೆಗೆ ಇಂಜೆಕ್ಟರನ್ನೇ ಕಿತ್ತು ಬರದಂತೆ ಹಿಡಿದುಕೊಳ್ಳುತ್ತದೆ. ತಡ ಮಾಡಿದಷ್ಟೂ ಕೆಲಸ ಕಷ್ಟ.

ಬಿಚ್ಚುವ ಮುಂಚೆ ಸುತ್ತಲಿನ ಕೆಂಪು ಧೂಳನ್ನು ಗಾಳಿ ಹೊಡೆದು ತೆಗೆಸಿ, ನಮ್ಮ ಮಲೆನಾಡಿನಲ್ಲಿ ಅದಕ್ಕೇನೂ ಬರ ಇಲ್ಲ. ಇಂಧನದ ಲೈನಿನ ಒತ್ತಡ ಇಳಿಸದೆ ಮುಟ್ಟುವಂತಿಲ್ಲ. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಪೈಪಿನಿಂದ ಇಂಧನ ಹೋಗುವ ಕಾಮನ್ ರೈಲ್ ಡೀಸೆಲ್‌ನಲ್ಲಿ ಅದರ ಒತ್ತಡ 1000 ಬಾರ್‌ಗಿಂತಲೂ ಮೇಲೆ ಹೋಗುತ್ತದೆ. ಸೋರಿಕೆ ಹುಡುಕಲು ಕೈ ಇಟ್ಟರೆ ಇಂಧನ ಚರ್ಮ ತೂರಿ ಒಳಗೆ ಹೋಗುತ್ತದೆ. ಓ-ರಿಂಗಿಗೆ ಒಂದು ಹನಿ ಆಯಿಲ್ ಸವರಿ ನೇರವಾಗಿ ಕೂರಿಸಿ, ತಿರುಚಿದರೆ ಹರಿಯುತ್ತದೆ. ವಾಷರಿನ ಅಡಿಯ ಮಸಿ ಪೂರ್ತಿ ಕೆರೆದು, ಕಂಪನಿ ಹೇಳಿದ ದಪ್ಪದ ವಾಷರನ್ನೇ ಹಾಕಬೇಕು. ದಪ್ಪ ಬದಲಾದರೆ ಮೂತಿ ಒಳಗೆ ಚಾಚುವ ಅಳತೆಯೂ ಬದಲಾಗುತ್ತದೆ. ಪೆಟ್ರೋಲ್ ಕಾರಾದರೆ ಸ್ಟಾರ್ಟ್ ಮಾಡುವ ಮುಂಚೆ ಕೀ ಮಾತ್ರ ಆನ್ ಮಾಡಿ, ಪಂಪ್ ಒತ್ತಡ ಕಟ್ಟಲಿ, ಟಾರ್ಚ್ ಬಿಟ್ಟು ಇಂಜೆಕ್ಟರುಗಳ ತಲೆ ನೋಡಿ. ಒಂದು ಚೂರು ಒದ್ದೆ ಕಂಡರೂ ಮತ್ತೆ ಬಿಚ್ಚಲೇಬೇಕು.